ಸ್ವಂತ ಕೆಲಸ ನಿಂತುಹೋದ ಕಲಾವಿದರು ಸೇರಿ ಒಂದು ಗುಂಪು ಮಾಡ್ಕೊಂಡ್ರೆ ಅದನ್ನ ನಡೆಸೋದು ಹೇಗೆ? (ತುಮಕೂರು)

ಕೇಳಿದ್ದು: ಅಮಾನಿಕೆರೆ ಏರಿ

ನಮಸ್ಕಾರ. ತುಮಕೂರಲ್ಲಿ ಆರು ಜನ ಸೇರಿ ಒಂದು ಸಣ್ಣ ಗುಂಪು ಮಾಡ್ಕೋಬೇಕು ಅಂತಿದ್ದೀವಿ. ಆರು ಜನರಿಗೂ ಬೇರೆ ಸಂಬಳ ಇಲ್ಲ, ಕಲೆಯೇ ಹೊಟ್ಟೆಪಾಡು. ಇಬ್ಬರು ಪೇಂಟರ್‌ಗಳು, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯೋರು ಒಬ್ಬರು, ಮಣ್ಣು-ಸಿಮೆಂಟಲ್ಲಿ ಮೂರ್ತಿ ಮಾಡೋರು ಒಬ್ಬರು, ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸೋ ಹಾರ್ಮೋನಿಯಂ ಮೇಷ್ಟ್ರು, ಇನ್ನೊಬ್ಬರು ಕತೆ-ನಾಟಕ ಬರೆಯೋರು. ಎಲ್ಲರದ್ದೂ ಒಂದೇ ತಕರಾರು: ಆರ್ಡರ್ ಕೆಲಸ ಹೇಗೋ ಸಾಗುತ್ತೆ, ಸ್ವಂತದ್ದು ಅಂತ ಕೂತರೆ ಕೈ ಓಡಲ್ಲ.

ಇದು ಕ್ಲಾಸೂ ಅಲ್ಲ, ಸಂಘವೂ ಅಲ್ಲ, ರಿಜಿಸ್ಟರ್ ಮಾಡಿಸೋದೂ ಇಲ್ಲ. ಒಬ್ಬರಿಗೊಬ್ಬರು ಆಸರೆ ಆಗಬೇಕು ಅಷ್ಟೆ. ಆದ್ರೆ ಇಂಥ ಕೂಟಗಳು ಎರಡು ತಿಂಗಳಲ್ಲಿ ಹರಟೆಕಟ್ಟೆ ಆಗಿ, ಕೊನೆಗೆ ಗುಡ್ ಮಾರ್ನಿಂಗ್ ಹೂವು ಬರೋ ವಾಟ್ಸಾಪ್ ಗ್ರೂಪಾಗಿ ಉಳಿಯೋದು ಗೊತ್ತಿರೋ ವಿಷಯ. ಅದಕ್ಕೇ ಮೊದಲೇ ಕೇಳ್ತಿದ್ದೀನಿ. ಎಷ್ಟು ಜನ, ಎಷ್ಟು ದಿನಕ್ಕೊಮ್ಮೆ, ಕೂತು ಏನು ಮಾಡಬೇಕು? ಬೇರೆ ಬೇರೆ ಕಲೆಯವರು ಒಟ್ಟಿಗೆ ಕೂತರೆ ಉಪಯೋಗ ಇದ್ಯಾ? ಒಬ್ಬರ ಕೆಲಸ ನೋಡಿ ಇನ್ನೊಬ್ಬರು ಅಭಿಪ್ರಾಯ ಹೇಳಬಹುದಾ? ಯಾರಾದ್ರೂ ನಿಜವಾಗ್ಲೂ ಕುಸಿದುಹೋಗಿದ್ರೆ ಏನು ಮಾಡಬೇಕು? ನಡೆಸಿ ಗೊತ್ತಿರೋರು ವಿವರವಾಗಿ ಬರೆದರೆ ಉಪಕಾರ.

ಉತ್ತರ: ತೇರಹಳ್ಳಿ ತಪ್ಪಲು (ಕೋಲಾರ)

ಆರು ಸರಿಯಾದ ಲೆಕ್ಕ. ಐದರಿಂದ ಏಳರ ಒಳಗಿರಲಿ. ನಾಲ್ಕೇ ಜನ ಇದ್ದರೆ ಇಬ್ಬರು ತಪ್ಪಿಸಿದ ದಿನ ಉಳಿದ ಇಬ್ಬರು ಟೀ ಕುಡಿದು ಎದ್ದುಹೋಗ್ತಾರೆ. ಎಂಟು ಒಂಬತ್ತಾದರೆ ಮಾತಿನ ಮಲ್ಲರು ಮಾತಾಡ್ತಾರೆ, ಮಾತು ಕಮ್ಮಿ ಇರೋರು ಮೂರನೇ ಸಲಕ್ಕೆ ಬರೋದೇ ಬಿಡ್ತಾರೆ.

ಹದಿನೈದು ದಿನಕ್ಕೊಂದು ಸಲ, ಎರಡು ಗಂಟೆ. ದಿನ ಮಾತ್ರ ಕದಲಿಸಬೇಡಿ. ‘ಈ ಸಲ ಎಲ್ಲರಿಗೂ ಯಾವತ್ತು ಅನುಕೂಲ?’ ಅಂತ ಗ್ರೂಪಲ್ಲಿ ಕೇಳೋಕೆ ಶುರುಮಾಡಿದ ಕೂಟ ಉಳಿಯಲ್ಲ. ತಿಂಗಳ ಎರಡನೇ ಮತ್ತು ನಾಲ್ಕನೇ ಬುಧವಾರ, ಮಧ್ಯಾಹ್ನ 3ರಿಂದ 5, ಈ ಥರ ಕ್ಯಾಲೆಂಡರ್ ಮೇಲೆ ಗುರುತು ಹಾಕಿಬಿಡಿ. ಶನಿವಾರ ಭಾನುವಾರ ಬೇಡ. ಸಂಕ್ರಾಂತಿ ಕಳೆದು ಜಾತ್ರೆಗಳು ಶುರುವಾದ ಮೇಲೆ ನಿಮ್ಮ ಹಾರ್ಮೋನಿಯಂ ಮೇಷ್ಟ್ರು ರಾತ್ರಿಯೆಲ್ಲ ಸ್ಟೇಜ್ ಪಕ್ಕ ಇರ್ತಾರೆ, ಬೆಳಗ್ಗೆ ನಿದ್ದೆ ಮಾಡಬೇಕು. ಮಧ್ಯಾಹ್ನವೇ ವಾಸಿ.

ಎರಡು ಗಂಟೆಯನ್ನ ಹೀಗೆ ಹಂಚ್ಕೊಳ್ಳಿ. ಮೊದಲ 10 ನಿಮಿಷ ಬಂದು ಕೂರೋಕೆ, ಟೀಗೆ. ಆಮೇಲೆ 30 ನಿಮಿಷ ಒಂದು ಸುತ್ತು, ತಲೆಗೆ 5 ನಿಮಿಷ: ಕಳೆದ ಸಲ ಏನು ಹೇಳಿದ್ರಿ, ಏನಾಯ್ತು, ಈಗ ಎಲ್ಲಿ ಸಿಕ್ಕಿಕೊಂಡಿದ್ದೀರಿ. ಈ ಸುತ್ತಲ್ಲಿ ಯಾರೂ ಸಲಹೆ ಕೊಡೋ ಹಾಗಿಲ್ಲ. ಆಮೇಲೆ 50 ನಿಮಿಷ ಮಾತಿಲ್ಲದೆ ಕೆಲಸ. ಅದಾದ ಮೇಲೆ 20 ನಿಮಿಷ ಒಬ್ಬರ ಸರದಿ, ಅವರ ತೊಡಕು ಒಂದನ್ನೇ ಎಲ್ಲರೂ ಕೂತು ಬಿಡಿಸಬೇಕು. ಕೊನೇ 10 ನಿಮಿಷ ಮುಂದಿನ ಸಲಕ್ಕೆ ಯಾರು ಏನು ಮಾಡ್ಕೊಂಡು ಬರ್ತೀವಿ ಅಂತ ಬರೆಸೋದು.

ಇದರಲ್ಲಿ ಯಾವುದನ್ನ ಬೇಕಾದ್ರೂ ಕಮ್ಮಿ ಮಾಡಿ, ಆ 50 ನಿಮಿಷ ಮಾತ್ರ ಮುಟ್ಟಬೇಡಿ. ಬರೀ ಮಾತಾಡೋ ಗುಂಪು ಮನಸ್ಸು ಹಗುರ ಮಾಡುತ್ತೆ ನಿಜ, ಆದ್ರೆ ಮಾರನೇ ದಿನ ಸ್ಟುಡಿಯೋ ಬಾಗಿಲು ತೆಗೆದಾಗ ಪರಿಸ್ಥಿತಿ ಅಲ್ಲೇ ಇರುತ್ತೆ. ಒಬ್ಬರೇ ಇದ್ದಾಗ ಬ್ಲಾಕ್ ಆದೋರು, ಅಂದ್ರೆ ಸ್ವಂತ ಕೆಲಸಕ್ಕೆ ಕೈ ಓಡದೋರು, ಏನು ಮಾಡ್ತಾರೆ? ಹತ್ತು ನಿಮಿಷ ಕೂರ್ತಾರೆ, ಬ್ರಷ್ ತೊಳೀತಾರೆ, ಫೋನ್ ನೋಡ್ತಾರೆ, ಎದ್ದು ಹೋಗ್ತಾರೆ. ಪಕ್ಕದಲ್ಲಿ ಐದು ಜನ ತಲೆ ಬಗ್ಗಿಸಿ ಕೂತಿದ್ದಾಗ ಎದ್ದು ಹೋಗೋಕೆ ಆಗಲ್ಲ. ಆ ಮೊದಲ ಕಾಲುಗಂಟೆಯ ಕಸಿವಿಸಿ ದಾಟೋದೇ ಕಷ್ಟ, ದಾಟಿದ ಮೇಲೆ ಕೈ ತಾನಾಗೇ ಓಡುತ್ತೆ. ಫೋನುಗಳೆಲ್ಲ ಒಂದು ಬುಟ್ಟಿಗೆ ಹೋಗಲಿ, ಬುಟ್ಟಿ ಬೇರೆ ಕೋಣೇಲಿ ಇರಲಿ. ಟೈಮ್ ನೋಡೋಕೆ ಒಂದು ಗೋಡೆ ಗಡಿಯಾರ ಸಾಕು.

ಮುಂದಿನ ಸಲಕ್ಕೆ ಒಪ್ಕೊಳ್ಳೋ ಕೆಲಸ ಎಣಿಸೋ ಹಾಗಿರಬೇಕು, ನಾಚಿಕೆ ಆಗುವಷ್ಟು ಚಿಕ್ಕದಿರಬೇಕು. ‘ಸರಣಿ ಮುಗಿಸ್ತೀನಿ’ ಅಂದ್ರೆ ಬರ್ಕೋಬೇಡಿ. ‘ಪೋಸ್ಟ್‌ಕಾರ್ಡ್ ಅಳತೆಲಿ ಇದ್ದಿಲಲ್ಲಿ 3 ಸ್ಕೆಚ್, ಚೆನ್ನಾಗಿ ಬರದಿದ್ರೂ ಸರಿ’ ಅಂದ್ರೆ ಬರ್ಕೊಳ್ಳಿ. ಇದಕ್ಕೆ 100 ಪುಟದ ಒಂದು ನೋಟ್‌ಬುಕ್ ಇಡಿ: ತಾರೀಕು, ಹೆಸರು, ಒಪ್ಕೊಂಡಿದ್ದು, ಆಯ್ತೋ ಇಲ್ವೋ. ಆಗದೇ ಇದ್ದೋರನ್ನ ‘ಯಾಕೆ’ ಅಂತ ಕೇಳಬಾರದು. ಕಾರಣ ಹೇಳೋದ್ರಲ್ಲಿ ನಾವೆಲ್ಲ ನಿಪುಣರೇ, ಐದು ನಿಮಿಷ ಅದಕ್ಕೇ ಹೋಗುತ್ತೆ. ‘ಇದನ್ನ ಇನ್ನೂ ಚಿಕ್ಕದು ಮಾಡೋಣವಾ?’ ಅಂತ ಒಂದೇ ಪ್ರಶ್ನೆ. ಒಂದೇ ಕೆಲಸ ಮೂರು ಸಲ ಆಗದೇ ಉಳಿದರೆ ಅದನ್ನ ಹೊಡೆದುಹಾಕಿ ಬೇರೆ ಬರೆಸಿ.

ನಡೆಸೋರು ಪ್ರತಿ ಸಲ ಬದಲಾಗಬೇಕು. ಅವರಿಗೆ ಮೂರೇ ಕೆಲಸ: ಗಡಿಯಾರ ನೋಡೋದು, ಸುತ್ತಲ್ಲಿ ಸಲಹೆ ಶುರುವಾದರೆ ತಡೆಯೋದು, ನೋಟ್‌ಬುಕ್ ಬರೆಯೋದು. ಒಬ್ಬರೇ ಹೊತ್ತುಕೊಂಡರೆ ಆರು ತಿಂಗಳಲ್ಲಿ ಅವರು ಸುಸ್ತಾಗ್ತಾರೆ, ಗುಂಪೂ ಅವರ ಜೊತೆಗೇ ಮುಗಿಯುತ್ತೆ.

ಬೇರೆ ಬೇರೆ ಕಲೆಯವರು ಇರೋದು ನಿಮಗೆ ಲಾಭ. ಆರೂ ಜನ ಪೇಂಟರ್‌ಗಳೇ ಆಗಿದ್ರೆ ಯಾರಿಗೆ ಯಾವ ಗ್ಯಾಲರಿ ಸಿಕ್ಕಿತು, ಚಿತ್ರಸಂತೆಲಿ ಯಾರದ್ದು ಎಷ್ಟು ಮಾರಾಟ ಆಯ್ತು ಅನ್ನೋದೇ ಒಳಗೊಳಗೆ ಕೊರೀತಿರುತ್ತೆ. ಹಾರ್ಮೋನಿಯಂ ಮೇಷ್ಟ್ರ ಮುಂದೆ ಪೇಂಟರ್‌ಗೆ ಆ ಬಿಗುವು ಇರಲ್ಲ.

ಮೊದಲು 8 ಭೇಟಿಗೆ ಅಂತ ಒಪ್ಕೊಳ್ಳಿ, ಅಂದ್ರೆ ನಾಲ್ಕು ತಿಂಗಳು. ಆಮೇಲೆ ಬಿಡೋರು ಮುಖ ಕೆಡಿಸ್ಕೊಳ್ಳದೆ ಬಿಡಬಹುದು, ಹೊಸಬರನ್ನ ಎಲ್ಲರೂ ಒಪ್ಪಿದರೆ ಮಾತ್ರ ಸೇರಿಸ್ಕೊಳ್ಳಿ. ನಡುವೆ ‘ನನ್ನ ಸ್ನೇಹಿತರೊಬ್ಬರು ಸುಮ್ನೆ ನೋಡೋಕೆ ಬರ್ತಾರಂತೆ’ ಅನ್ನೋದಕ್ಕೆ ಅವಕಾಶ ಬೇಡ.

ಉತ್ತರ: ಉಳಿ ಸುತ್ತಿಗೆ (ಮಾಲೂರು)

ಮೇಲಿನವರು ಹೇಳಿದ ಕ್ರಮ ಸರಿ ಇದೆ. ಆದ್ರೆ ಆ 20 ನಿಮಿಷದ ಸರದಿಲಿ ಮೊದಲು ಕೇಳಬೇಕಾದ್ದು, ಇದು ಎಂಥ ಬ್ಲಾಕು? ಎಲ್ಲದಕ್ಕೂ ಒಂದೇ ಔಷಧಿ ಕೊಟ್ಟರೆ ಆಗಲ್ಲ.

ಆರ್ಡರ್ ಕೆಲಸದಿಂದ ಬರೋ ಜಡ್ಡು ಒಂದು ಥರ. ನಮ್ಮ ಶಿವಾರಪಟ್ಟಣದ ಕಡೆ ಶಿಲ್ಪಿಗಳಿಗೆ ಅದೇ ಗಣಪತಿ, ಅದೇ ಆಂಜನೇಯ, ಅದೇ ಅಳತೆ. ಯಾವ ಅಂಗ ಎಷ್ಟಿರಬೇಕು ಅನ್ನೋದು ಶಿಲ್ಪಶಾಸ್ತ್ರದಲ್ಲೇ ಇದೆ, ಕೈ ನಿದ್ದೇಲೂ ಕೆತ್ತುತ್ತೆ. ಹೊಸದು ಮಾಡು ಅಂದ್ರೆ ಅದೇ ಕೈ ಮತ್ತೆ ಆಂಜನೇಯನ ಗದೆ ಕಡೆಗೇ ಹೋಗುತ್ತೆ. ಇಲ್ಲಿ ಐಡಿಯಾ ಕೊಡೋದ್ರಿಂದ ಏನೂ ಆಗಲ್ಲ, ಹೊತ್ತು ಬೇರೆ ಮಾಡಬೇಕು. ದಿನದ ಮೊದಲ 40 ನಿಮಿಷ, ಫೋನ್ ಆನ್ ಮಾಡೋಕೆ ಮುಂಚೆ, ಸ್ವಂತಕ್ಕೆ. ಆರ್ಡರ್ ಕಲ್ಲಿಗೆ ಕೈ ಹಚ್ಚಿದ ಮೇಲೆ ಆ ದಿನ ಮತ್ತೆ ಸ್ವಂತದ್ದಕ್ಕೆ ತಿರುಗೋಕಾಗಲ್ಲ. ಸಾಮಾನೂ ಬೇರೆ ಇರಲಿ: ದುಡ್ಡು ಕೊಟ್ಟು ತಂದ ಕಲ್ಲು ಬೇಡ, ಉಳಿದ ತುಂಡು ಸಾಕು. ಕೆಟ್ಟರೆ ನಷ್ಟ ಇಲ್ಲ ಅಂತ ಗೊತ್ತಿದ್ದಾಗಲೇ ಕೈ ಬಿಡುಬೀಸಾಗಿ ಓಡೋದು.

ಖಾಲಿ ಕ್ಯಾನ್ವಾಸ್ ನೋಡಿ ಹೆದರೋದು ಇನ್ನೊಂದು ಥರ. ಪೇಂಟರ್‌ಗಳಿಗೆ ಇದಕ್ಕೆ ಹಳೇ ಉಪಾಯ: ಬಿಳಿ ಉಳಿಸಲೇಬೇಡಿ. ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಅಕ್ರಿಲಿಕ್‌ಗೆ ಜಾಸ್ತಿ ನೀರು ಹಾಕಿ ತೆಳ್ಳಗೆ ಬಳಿದು, ಬಟ್ಟೇಲಿ ಒರೆಸಿ ಒಣಗಿಸಿ. ಅದರ ಮೇಲೆ ಅಕ್ರಿಲಿಕ್ಕೂ ನಡೆಯುತ್ತೆ, ಎಣ್ಣೆ ಬಣ್ಣವೂ ನಡೆಯುತ್ತೆ. ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ಮಾತ್ರ ಹಾಕಬೇಡಿ, ಹಿಡಿಯಲ್ಲ, ಆಮೇಲೆ ಸುಲಿದು ಬರುತ್ತೆ. ಬಣ್ಣವನ್ನೂ ಕಟ್ಟಿಹಾಕಿ: ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ, ಬಿಳಿ, ಅಷ್ಟೆ. ಮೊದಲೆರಡು ಬೆರೆಸಿದರೆ ಹೆಚ್ಚುಕಮ್ಮಿ ಕಪ್ಪೇ ಬರುತ್ತೆ, ಬಿಳಿ ಸೇರಿಸ್ತಾ ಹೋದರೆ ತಂಪು ಬೂದಿಯಿಂದ ಬೆಚ್ಚಗಿನ ಬೂದಿವರೆಗೂ ಸಿಗುತ್ತೆ. ಬಣ್ಣ ಆರಿಸೋ ಗೊಂದಲ ಹೋದರೆ ಅರ್ಧ ಭಯ ಹೋದ ಹಾಗೆ. ಎ5 ಕಾಗದ, ಒಂದೊಂದಕ್ಕೆ 10 ನಿಮಿಷ, ನಿಮ್ಮ 50 ನಿಮಿಷದಲ್ಲಿ ನಾಲ್ಕು ಆಗುತ್ತೆ.

ಮೇಷ್ಟ್ರಿಗೆ ಇದನ್ನೇ ಬೇರೆ ರೀತಿ ಮಾಡಿಸಬಹುದು: ಒಂದೇ ರಾಗ, ಒಂದೇ ಸ್ಥಾಯಿ, 10 ನಿಮಿಷ ರೆಕಾರ್ಡ್ ಮಾಡಿ ಮುಂದಿನ ಭೇಟಿವರೆಗೂ ಕೇಳಬಾರದು. ಬರೆಯೋರು ಕೊನೇ ವಾಕ್ಯ ಅರ್ಧಕ್ಕೇ ನಿಲ್ಲಿಸಿ ಏಳಬೇಕು, ಮಾರನೇ ದಿನ ಶುರುಮಾಡೋಕೆ ಎಳೆ ಕೈಯಲ್ಲೇ ಇರುತ್ತೆ.

ಮೂರನೇದು ಯಾರೂ ಬಾಯಿಬಿಡದ್ದು, ದುಡ್ಡು. ಬಾಕಿ ಬರಬೇಕಾದ ಹಣ ತಲೇಲಿ ಕೊರೀತಿದ್ದಾಗ ಯಾವ ಎಕ್ಸರ್‌ಸೈಜೂ ಕೆಲಸಕ್ಕೆ ಬರಲ್ಲ. ಮೂರು ತಿಂಗಳಿಗೊಮ್ಮೆ ಒಂದು ಭೇಟಿನ ಬರೀ ಇದಕ್ಕೇ ಇಡಿ. ಪ್ರತಿಯೊಬ್ಬರೂ ಒಂದು ಹಾಳೇಲಿ ಎಡಕ್ಕೆ ಮುಂದಿನ 3 ತಿಂಗಳ ತಪ್ಪದ ಖರ್ಚು (ರೂಮ್ ಬಾಡಿಗೆ, ಕರೆಂಟು, ಮಕ್ಕಳ ಫೀಸು, ಸಾಲದ ಕಂತು, ಬಣ್ಣ-ಸಾಮಾನು), ಬಲಕ್ಕೆ ಬರಬೇಕಾದ ಬಾಕಿ ಬರೀಲಿ. ಆಮೇಲೆ ಅಲ್ಲೇ ಕೂತು ಬಾಕಿದಾರರಿಗೆ ಫೋನ್ ಮಾಡಿ. ಅವತ್ತು ಮಾತ್ರ ಫೋನ್ ಬುಟ್ಟಿಯಿಂದ ಆಚೆ. ಒಬ್ಬರೇ ಇದ್ದಾಗ ಮುಂದೂಡ್ತಾ ಇರೋ ಕರೆ, ಐದು ಜನರ ಮುಂದೆ ಎರಡು ನಿಮಿಷದಲ್ಲಿ ಮುಗಿಯುತ್ತೆ. ಮುಂದಿನ ಆರ್ಡರ್‌ಗೆ ಅರ್ಧ ದುಡ್ಡು ಮುಂಗಡ, ಉಳಿದದ್ದು ಕೊಟ್ಟ ಮೇಲೆ ಮಾಲು, ಇದನ್ನ ಆರೂ ಜನ ಒಂದೇ ಮಾತಾಗಿ ಹಿಡ್ಕೊಳ್ಳಿ.

ಒಳಗೊಳಗೆ ಸಾಲ ಕೊಡೋದು ಬೇಡ, ಚೀಟಿಯಂತೂ ಖಂಡಿತ ಬೇಡ. ಆರು ಜನ ತಿಂಗಳಿಗೆರಡು ಸಲ ಸೇರ್ತಾರೆ ಅಂದಕೂಡಲೇ ನಮ್ಮ ಕಡೆ ಯಾರಾದರೊಬ್ಬರಿಗೆ ಚೀಟಿ ಹಾಕೋ ಯೋಚನೆ ಬಂದೇ ಬರುತ್ತೆ. ಒಬ್ಬರು ಕಂತು ತಪ್ಪಿಸಿದ ದಿನ ಗುಂಪು ಮುಗೀತು.

ಇನ್ನೊಂದು, ಮೈ ಕಡೆಗೂ ನೋಡಿ. ಗ್ರಾನೈಟ್ ದೂಳಲ್ಲಿ ಸಿಲಿಕಾ ಇರುತ್ತೆ, ಬಾಯಿಗೆ ಟವಲ್ ಕಟ್ಟಿಕೊಂಡರೆ ತಡೆಯಲ್ಲ, ಎನ್95 ಮಾಸ್ಕ್ ಬೇಕು, ಕೊಯ್ಯುವಾಗ ಕಲ್ಲಿನ ಮೇಲೆ ನೀರು ಹಾಕ್ತಾ ಇರಬೇಕು. ಕಿಟಕಿ ಮುಚ್ಚಿದ ರೂಮಲ್ಲಿ ಟರ್ಪೆಂಟೈನ್ ಉಪಯೋಗಿಸೋರಿಗೆ ಸಾಯಂಕಾಲ ತಲೆ ಸಿಡಿಯೋದು ಬ್ಲಾಕ್ ಅಲ್ಲ, ಅದರ ಆವಿಯಿಂದ. ಮಣಿಕಟ್ಟು ನೋವು, ಕಣ್ಣು ಉರಿ, ನಿದ್ದೆ ಇಲ್ಲದ್ದು, ಇವನ್ನ ವಿಚಾರಿಸದೆ ‘ಮನಸ್ಸಿಟ್ಟು ಮಾಡು’ ಅನ್ನೋದು ಸರಿಯಲ್ಲ.

ಉತ್ತರ: ರಿಹರ್ಸಲ್ ರೂಮು (ಗುಬ್ಬಿ)

ಅಭಿಪ್ರಾಯ ಹೇಳೋ ವಿಷಯಕ್ಕೆ ಮಾತ್ರ ಬರೀತೀನಿ. ಮೊದಲ ಮೂರು ಭೇಟಿಲಿ ಯಾರ ಕೆಲಸದ ಬಗ್ಗೆಯೂ ಒಳ್ಳೇದು ಕೆಟ್ಟದ್ದು ಹೇಳಬೇಡಿ. ಹೊಗಳಿಕೆ ಕೂಡ ಬೇಡ. ‘ಸೂಪರ್ ಸಾರ್’ ಅಂತ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿದ್ರೆ ಆ ಇನ್ನೊಬ್ಬರು ಮುಂದಿನ ಸಲ ಏನೂ ತರಲ್ಲ.

ಆಮೇಲೆ ಶುರುಮಾಡೋದಾದ್ರೆ ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಒಂದು ಕ್ರಮ ಇದೆ, ನಾಟಕ ಸಂಗೀತ ಚಿತ್ರ ಎಲ್ಲಕ್ಕೂ ಹೊಂದುತ್ತೆ. ನಾಲ್ಕು ಹೆಜ್ಜೆ. ಮೊದಲು ನೋಡಿದವರು ತಮಗೆ ತಟ್ಟಿದ್ದು, ನೆನಪಲ್ಲಿ ಉಳಿದದ್ದು ಹೇಳ್ತಾರೆ. ಎರಡನೇದಾಗಿ ಕಲಾವಿದರೇ ಪ್ರಶ್ನೆ ಕೇಳ್ತಾರೆ, ಉಳಿದವರು ಆ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕು. ಮೂರನೇದಾಗಿ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳ್ತಾರೆ. ನಾಲ್ಕನೇದಾಗಿ, ಅಭಿಪ್ರಾಯ ಹೇಳೋ ಮುಂಚೆ ಒಪ್ಪಿಗೆ: ‘ಬೆಳಕಿನ ವಿಷಯ ನನಗೊಂದು ಅಭಿಪ್ರಾಯ ಇದೆ, ಹೇಳಲಾ?’ ಬೇಡ ಅಂದ್ರೆ ಅಲ್ಲಿಗೇ ನಿಲ್ಲಬೇಕು.

ಕೆಡೋದು ಯಾವಾಗಲೂ ಮೂರನೇ ಹೆಜ್ಜೇಲಿ. ‘ಇಷ್ಟೊಂದು ಕಪ್ಪು ಯಾಕೆ ಬಳಿದಿದ್ದೀರ?’ ಅನ್ನೋದು ಪ್ರಶ್ನೆ ವೇಷದ ಬೈಗುಳ. ‘ಕಪ್ಪು ಆರಿಸ್ಕೊಂಡಾಗ ಏನು ಮನಸ್ಸಲ್ಲಿತ್ತು?’ ಅನ್ನೋದು ಪ್ರಶ್ನೆ. ‘ಎರಡನೇ ದೃಶ್ಯ ಎಳೀತು ಅನ್ಸಲ್ವಾ?’ ಬೇಡ, ‘ಎರಡನೇ ದೃಶ್ಯ ಎಷ್ಟು ಹೊತ್ತು ಇರಬೇಕು ಅಂತ ಅಂದ್ಕೊಂಡಿದ್ರಿ?’ ಅಂತ ಕೇಳಿ. ನಡೆಸೋರು ಇದನ್ನ ಅಲ್ಲಲ್ಲೇ ತಿದ್ದಬೇಕು. ಮೇಷ್ಟ್ರಿಗೆ ಇದು ಶುರುವಲ್ಲಿ ಕಷ್ಟ ಆಗಬಹುದು. ಹಳ್ಳಿ ನಾಟಕ ಕಲಿಸೋ ಕ್ರಮದಲ್ಲಿ ತಪ್ಪು ಕಂಡಕೂಡಲೇ ತಾಳ ನಿಲ್ಲಿಸಿ ಗದರಿಸೋದು ರೂಢಿ. ಅಲ್ಲಿ ಅದು ಬೇಕು, ಇಲ್ಲಿ ಬೇಡ.

ಪೂರ್ತಿ ಕೈ ನಿಂತೋರಿಗೆ ನಾಲ್ಕೂ ಹೆಜ್ಜೆ ಬೇಡ, ಮೊದಲನೇದು ಒಂದೇ ಸಾಕು.

ಉತ್ತರ: ಆಪ್ತಸಮಾಲೋಚಕಿ (ಚಿಕ್ಕಬಳ್ಳಾಪುರ)

ಕುಸಿದುಹೋದವರ ಬಗ್ಗೆ ಕೇಳಿದ್ದೀರಿ. ಗುಂಪು ಶುರುವಾಗುವ ಮೊದಲೇ ಇದರ ಬಗ್ಗೆ ಮಾತಾಡಿ ಇಟ್ಟುಕೊಳ್ಳುವುದು ಒಳ್ಳೆಯದು.

ಬ್ಲಾಕ್ ಆದವರಿಗೆ ಸ್ವಂತ ಕೆಲಸ ಒಂದು ಬಿಟ್ಟರೆ ಉಳಿದ ಬದುಕಿನಲ್ಲಿ ರುಚಿ ಇರುತ್ತದೆ. ಸ್ನೇಹಿತರು ಬಂದರೆ ನಗುತ್ತಾರೆ, ಊಟ ಸೇರುತ್ತದೆ. ಖಿನ್ನತೆಯಲ್ಲಿ ಹಾಗಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು ಏರುಪೇರು, ಆಯಾಸ, ‘ನಾನು ಯಾವುದಕ್ಕೂ ಬಾರದವ’ ಎಂಬ ಮಾತು. ಇವು ಕಂಡರೆ ಇನ್ನೊಂದು ಸ್ಕೆಚ್ ಮಾಡಿಸುವುದು ಉತ್ತರವಲ್ಲ, ವೈದ್ಯರ ಹತ್ತಿರ ಹೋಗಬೇಕು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಯಿಂದಲೂ ಇದೇ ತರಹದ ಸುಸ್ತು ಬರುತ್ತದೆ. ಹಾಗಾಗಿ ರಕ್ತ ಪರೀಕ್ಷೆಯೂ ಆಗಲಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಈ ಸಂಖ್ಯೆಯನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ‘ನೀನು ಹೋಗು’ ಎನ್ನುವುದಕ್ಕಿಂತ ‘ಮಂಗಳವಾರ ನಾನೂ ಜೊತೆಗೆ ಬರ್ತೀನಿ’ ಎಂದರೆ ಹೋಗುವ ಸಾಧ್ಯತೆ ಹೆಚ್ಚು.

ಸಾಯುವ ಮಾತು ಬಂದರೆ ವಿಷಯ ಮರೆಸಬೇಡಿ. ‘ಪ್ರಾಣ ಕಳ್ಕೊಳ್ಳೋ ಯೋಚನೆ ಬರ್ತಿದ್ಯಾ?’ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅಲ್ಲಿಂದಲೇ 14416ಕ್ಕೆ ಕರೆ ಮಾಡಿ, ಅಪಾಯ ಹತ್ತಿರವಿದೆ ಅನ್ನಿಸಿದರೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಒಳಗೆ ಆಡಿದ ಮಾತು ಹೊರಗೆ ಹೋಗಬಾರದು ಎಂಬ ನಿಯಮ ಇದ್ದೇ ಇರಬೇಕು. ಪ್ರಾಣಕ್ಕೆ ಅಪಾಯ ಇದ್ದಾಗ ಮಾತ್ರ ಮನೆಯವರಿಗೆ ತಿಳಿಸುತ್ತೇವೆ ಎಂಬುದನ್ನೂ ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. ತುಮಕೂರು ಎಷ್ಟು ದೊಡ್ಡದಾದರೂ ಕಲಾವಿದರ ಲೋಕ ಚಿಕ್ಕದು, ಬೆಳಗ್ಗೆ ಹೇಳಿದ್ದು ಸಂಜೆಗೆ ಕಲಾಕ್ಷೇತ್ರದ ಮುಂದೆ ಸಿಗುತ್ತದೆ. ಭೇಟಿ ಮುಗಿದ ಮೇಲೆ ಬಾರ್‌ಗೆ ಹೋಗುವ ರೂಢಿ ಬೆಳೆಸಬೇಡಿ. ಕುಡಿತ ಬಿಡಲು ಒದ್ದಾಡುತ್ತಿರುವವರು ನಿಮ್ಮಲ್ಲಿ ಇರಬಹುದು, ಅವರು ಹೇಳುವುದಿಲ್ಲ.

ಮತ್ತೆ ಕೇಳಿದ್ದು: ಅಮಾನಿಕೆರೆ ಏರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೀಟಿ ವಿಷಯ ಓದಿ ನಗು ಬಂತು, ಯಾಕಂದ್ರೆ ಆ ಮಾತು ಆಗ್ಲೇ ಎದ್ದಿತ್ತು. ಇನ್ನೆರಡು ಕೇಳ್ತೀನಿ. ಜಾಗ ಎಲ್ಲಿ ಮಾಡೋದು, ಒಬ್ಬೊಬ್ಬರ ಮನೇಲಿ ಸರದಿ ಇಟ್ಟರೆ ಆಗುತ್ತಾ? ಆ 50 ನಿಮಿಷದಲ್ಲಿ ಹಾರ್ಮೋನಿಯಂ ಬಾರಿಸಿದ್ರೆ ಬರೆಯೋರ ಗತಿ ಏನು?

ಉತ್ತರ: ನಂದಿ ತಿರುವು (ಚಿಕ್ಕಬಳ್ಳಾಪುರ)

ಮನೆ ಬೇಡಪ್ಪ. ಮನೇಲಿ ಇಟ್ಟರೆ ಆ ಮನೆ ಹೆಣ್ಣುಮಕ್ಕಳು ಆರು ಜನರಿಗೆ ಉಪ್ಪಿಟ್ಟು ಕಾಫಿ ಮಾಡಬೇಕು. ನಿಮ್ಮ ಗುಂಪಲ್ಲಿ ಕಲಾವಿದೆ ಇದ್ದು ಅವರ ಮನೇಲೇ ಇಟ್ಟರೆ ಅವರ ಸರದಿ ದಿನ ಅವರು ಕೆಲಸಕ್ಕೆ ಕೂರೋದೇ ಇಲ್ಲ, ಅಡುಗೆಮನೇಲಿ ಇರ್ತಾರೆ. ಯಾರದ್ದಾದ್ರೂ ಸ್ಟುಡಿಯೋ ಒಂದೇ ಗೊತ್ತುಮಾಡಿ. ಭೇಟಿಗೆ ತಲಾ ₹50, ಆರು ಜನರಿಂದ ₹300. ಅದರಲ್ಲಿ ಹೊರಗಿಂದ ಟೀ ಬನ್ನು, ಮಿಕ್ಕಿದ್ದು ಜಾಗ ಕೊಟ್ಟೋರ ಕರೆಂಟ್ ಬಿಲ್ಲಿಗೆ. ಕಸ ಗುಡಿಸಿ ಹೋಗೋದು ಅವತ್ತು ನಡೆಸಿದೋರ ಕೆಲಸ. ಸಿರಾ, ಕುಣಿಗಲ್, ಗುಬ್ಬಿ ಕಡೆಯಿಂದ ಬರೋರಿದ್ರೆ 5ಕ್ಕೆ ಅಂದ್ರೆ 5ಕ್ಕೆ ಮುಗಿಸಿ. ‘ಇನ್ನೊಂದು ಅರ್ಧ ಗಂಟೆ’ ಅಂತ ಕೂತರೆ ಬಸ್ಸಿಗೆ ಪರದಾಡಬೇಕಾದವರೇ ಮೊದಲು ಬಿಟ್ಟುಹೋಗೋದು.

ಎರಡು ತಿಂಗಳಿಗೊಮ್ಮೆ ಹೊರಗೆ ಕೂತರೆ ಒಳ್ಳೇದು. ನಿಮಗೆ ದೇವರಾಯನದುರ್ಗ, ನಾಮದ ಚಿಲುಮೆ ಹತ್ತಿರ. ನಮ್ಮ ಕಡೆ ಬರೋದಾದ್ರೆ ವೀಕೆಂಡಲ್ಲಿ ನಂದಿ ಬೆಟ್ಟ ಹತ್ತಬೇಡಿ, ಗಾಡಿ ಸಾಲಲ್ಲೇ ಬೆಳಗು ಕಳೆಯುತ್ತೆ. ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಬನ್ನಿ, ವಾರದ ಮಧ್ಯೆ. ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬದಲ್ಲಿ ಕೆತ್ತಿರೋ ಗಿಣಿಗಳಲ್ಲಿ ಒಂದನ್ನ ಸ್ಕೆಚ್ ಮಾಡ್ತಾ ಕೂತರೆ ಮಧ್ಯಾಹ್ನ ಆಗೋದೇ ಗೊತ್ತಾಗಲ್ಲ. ಪೆನ್ಸಿಲ್ಲು, ಪುಸ್ತಕ ಮಾತ್ರ ತನ್ನಿ. ಪುರಾತತ್ವ ಇಲಾಖೆ ಜಾಗ, ಕ್ಯಾಮೆರಾ ಸ್ಟ್ಯಾಂಡ್ ಹಾಕೋಕೆ ಅನುಮತಿ ಬೇಕು.

ಉತ್ತರ: ತೇರಹಳ್ಳಿ ತಪ್ಪಲು (ಕೋಲಾರ)

ಹಾರ್ಮೋನಿಯಂಗೆ: ಪಕ್ಕದ ರೂಮ್ ಇದ್ದರೆ ಮೇಷ್ಟ್ರು ಅಲ್ಲಿ, ನಡುವಿನ ಬಾಗಿಲು ಮುಚ್ಚಿ. ಇಲ್ದಿದ್ರೆ ಹೆಡ್‌ಫೋನ್ ಸಿಕ್ಕಿಸೋ ಸಣ್ಣ ಕೀಬೋರ್ಡ್. ಅದೂ ಇಲ್ಲ ಅಂದ್ರೆ 50 ನಿಮಿಷದಲ್ಲಿ ಅವರು ಬಾರಿಸೋದು ಬೇಡ, ಸ್ವರ ಬರೆದು ಕೂಡಿಸೋ ಕೆಲಸ ಮಾಡಲಿ, ರಂಗಗೀತೆಗೆ ಹೊಸ ಮಟ್ಟು ಹಾಕೋರಿಗೆ ಅದೂ ಕೆಲಸವೇ. ಮೂರ್ತಿ ಮಾಡೋರಿಗೂ ಇದೇ ಮಾತು: ಅಲ್ಲಿಗೆ ಸಿಮೆಂಟ್ ತರಬೇಡಿ, 2 ಕೆಜಿ ಜೇಡಿಮಣ್ಣು ಒದ್ದೆ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕ್ಕೊಂಡು, ಒಂದು ಹಲಗೆ ಜೊತೆ ತಂದರೆ ಸಾಕು.

ವಾಟ್ಸಾಪ್ ಬಗ್ಗೆ ಬರೆಯೋದು ಬಿಟ್ಟಿದ್ದೆ. ಗ್ರೂಪಲ್ಲಿ ಅಡ್ಮಿನ್ ಮಾತ್ರ ಬರೆಯೋ ಹಾಗೆ ಸೆಟ್ ಮಾಡಿ, ಆಯಾ ಭೇಟಿ ನಡೆಸೋರನ್ನ ಅಡ್ಮಿನ್ ಮಾಡಿ. ಹಿಂದಿನ ದಿನ ‘ನಾಳೆ 3ಕ್ಕೆ’ ಅಂತ ಒಂದು ಮೆಸೇಜು, ಬರೋಕಾಗದೋರು ಅವರಿಗೇ ಫೋನ್ ಮಾಡಿ ಹೇಳಲಿ.